ದಾಸವಾಳಕ್ಕೆ ಕ್ಷೌರ

ಮಾರ್ಚ್ ೧೪
ಅಂಗಡಿಗೆ ರಜೆ, ಮಧ್ಯಾಹ್ನ

ನನ್ನ ಪ್ರೀತಿಯ ಸೂಜಿಗೆ,

ನಾನು ಕ್ಷೇಮ. ನೀನೂ ನಿಮ್ಮಕ್ಕನೂ ಚೆನ್ನಾಗಿದ್ದೀರೆಂದು ಮಗಳು ಹೇಳಿದಳು. ನನ್ನ ಹತ್ತಿರ ಮಾತಾಡುವುದಿಲ್ಲವೆಂದು ನೀನು ಹಟ ಹಿಡಿದು ಎರಡೂವರೆ ತಿಂಗಳಾಯಿತು. ಪತ್ರ ಓದುವುದಿಲ್ಲವೆಂದು ಮಾತ್ರ ಇನ್ನೂ ಹೇಳಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ವಿಷಯ ನಿನ್ನ ದಾಸವಾಳದ್ದು. ಗಿಡ ಚೆನ್ನಾಗಿದೆ. ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಏಕೆಂದರೆ ಮುಂದೆ ಓದುವಾಗ ನಿನ್ನ ಎದೆ ಧಸಕ್ಕೆನ್ನಬಹುದು.

ನೀನು ಬಟ್ಟೆ ಹೊಲಿಯುವ ಕಿಟಕಿಯ ಕೋಣೆಗೆ ನಾನು ಇನ್ನೊಂದು ಕ್ಷೌರದ ಕುರ್ಚಿ ತಂದು ಹಾಕಿ, ನಿನ್ನ ಹೊಲಿಗೆ ಯಂತ್ರವನ್ನು ಅಡುಗೆಮನೆಯ ಕತ್ತಲೆ ಮೂಲೆಗೆ ಸಾಗಿಸಿದೆನಲ್ಲ, ಅದರ ಹಿಂದೆಯೇ ಕುಂಡವೂ ಹೋಗಿತ್ತು. ನೀನು ಹೊರಟ ವಾರದಲ್ಲೇ ಎಲೆ ಹಳದಿಯಾಯಿತು. ಪಾಪ, ಬಾಯಾರಿದೆ ಎಂದುಕೊಂಡು ಬೆಳಗ್ಗೆ ಒಂದು ಚೊಂಬು, ಊಟದ ಹೊತ್ತಿಗೆ ಒಂದು, ಅಂಗಡಿ ಮುಚ್ಚುವಾಗ ಇನ್ನೊಂದು ಚೊಂಬು ನೀರು ಸುರಿದೆ. ಇದ್ದಬದ್ದ ಮೊಗ್ಗೆಲ್ಲ ಉದುರಿತು.

ನಾನು ಕೈಕಟ್ಟಿ ಕೂರುವವನೇ? ಕತ್ತರಿ ತೆಗೆದುಕೊಂಡೆ. ಮುಂದೆ ಸ್ವಲ್ಪ, ಹಿಂದೆ ಸ್ವಲ್ಪ. ಎಡಕ್ಕೆ ಹೆಚ್ಚಾಯಿತೆಂದು ಬಲಕ್ಕೆ, ಬಲಕ್ಕೆ ಹೆಚ್ಚಾಯಿತೆಂದು ಮತ್ತೆ ಎಡಕ್ಕೆ. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಯಾವ ಗಿರಾಕಿಯನ್ನೂ ಹಾಗೆ ಕೆಡಿಸಿರಲಿಲ್ಲ. ಕೊನೆಗೆ ಉಳಿದದ್ದು ಗೇಣುದ್ದದ ನಾಲ್ಕು ಕಡ್ಡಿ. ಮಗಳು ಕಾಲೇಜಿನಿಂದ ಬಂದವಳೇ, "ಅಪ್ಪಾ, ಗಿಡಕ್ಕೆ ಗಡ್ಡ ಬಂದಿತ್ತಾ?" ಎಂದಳು. ನಿನಗೆ ಸುದ್ದಿ ಮುಟ್ಟಿಸಬಾರದೆಂದು ಅವಳಿಂದ ಭಾಷೆ ತೆಗೆದುಕೊಂಡೆ. ನಿಜ ಹೇಳಲೇ, ಅವಳು ಒಳಗೆ ಹೋದಮೇಲೆ ನನಗೆ ಅಳು ಬಂತು. ಈ ಗಿಡವೂ ಹೋದರೆ ನೀನು ಈ ಮನೆಗೆ ಯಾಕಾದರೂ ಬರುತ್ತೀಯ ಎನಿಸಿತು.

ಆಸ್ಪತ್ರೆಯ ತೋಟದ ಮಾಲಿ ಗೊತ್ತಲ್ಲ, ತಿಂಗಳಿಗೊಮ್ಮೆ ಗಡ್ಡ ತೆಗೆಸುವ ಪುಣ್ಯಾತ್ಮ. ಮುಖಕ್ಕೆ ಹಚ್ಚಿದ ನೊರೆಯ ಸಮೇತ ಅವನನ್ನು ಒಳಗೆ ಎಳೆದುಕೊಂಡು ಹೋದೆ. ಮಣ್ಣಿಗೆ ಬೆರಳಿಟ್ಟು ನೋಡಿ ಚೆನ್ನಾಗಿ ಬೈದ. "ಇದಕ್ಕೆ ನೀರು ಬೇಕು ಅಂತ ನಿಮಗ್ಯಾರು ಹೇಳಿದ್ರು? ಒಂದ್ಸಲನಾದ್ರೂ ಮಣ್ಣು ಮುಟ್ಟಿ ನೋಡಿದ್ದೀರಾ?" ಎಂದ. ಬೆರಳಿನ ಎರಡು ಗೆಣ್ಣಿನಷ್ಟು ಮಣ್ಣು ಒಣಗಿದ್ದರೆ ಮಾತ್ರ ನೀರು, ಕುಂಡದ ಅಡಿಯ ತೂತು ಕಟ್ಟಿರಬಾರದು, ಬೆಳಗಿನ ಬಿಸಿಲಂತೂ ಬೇಕೇ ಬೇಕು. ನಾನು ಮಾಡಿದ್ದರಲ್ಲಿ ಕ್ಷೌರವೊಂದೇ ತೀರಾ ತಪ್ಪಲ್ಲವಂತೆ, ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲೇ ಅಂತೆ. ಆ ಸಂಜೆಯೆಲ್ಲ ನಾನು ಎದೆಯುಬ್ಬಿಸಿಕೊಂಡು ಓಡಾಡಿದೆ.

ಬೆಳಗಿನ ಬಿಸಿಲು ಬೀಳುವುದು ನಿನ್ನ ಕಿಟಕಿಗೆ ಮಾತ್ರ. ಕುರ್ಚಿಯನ್ನು ಹೊರಗೆ ಹಾಕಿದೆ. ಕುಂಡ ಕಿಟಕಿಗೆ ಹೋಯಿತು. ಅದೊಂದೇ ಇದ್ದರೆ ಕೋಣೆ ಬೋಳಾಗಿ ಕಂಡಿತು, ಹೊಲಿಗೆ ಯಂತ್ರವನ್ನೂ ಅದರ ಜಾಗಕ್ಕೇ ತಂದಿಟ್ಟೆ. ಚಿಗುರಿಗೆ ಹತ್ತಿಯಂಥ ಬಿಳಿ ಹುಳು ಹತ್ತಿದಾಗ ಗಡ್ಡದ ಬ್ರಷ್ಷನ್ನು ಸೋಪಿನ ನೀರಿಗೆ ಅದ್ದಿ ಒಂದೊಂದು ಎಲೆಯ ಅಡಿಯನ್ನೂ ಒರೆಸಿದೆ. (ಆ ಬ್ರಷ್ಷು ಈಗ ಗಿಡಕ್ಕೇ ಮೀಸಲು, ಗಿರಾಕಿಗಳಿಗೆ ಬೇರೆ ಇದೆ.) ಇವತ್ತಿಗೆ ಏಳು ಮೊಗ್ಗು. ಒಂದು ಆಗಲೇ ಕೆಂಪು ತೋರಿಸುತ್ತಿದೆ.

ದಿನಾ ಮಣ್ಣು ಮುಟ್ಟಿ ನೋಡುವಾಗ, ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತು ನೀನು ಹೇಳಿದ್ದು ನೆನಪಾಗುತ್ತದೆ. "ಕೇಳಿದ್ರೆ ಆ ಕೋಣೆ ನಾನೇ ಬಿಟ್ಟುಕೊಡ್ತಿದ್ದೆ ಕಣ್ರೀ." ಕೊಡುವುದಾದರೆ ಕೇಳುವುದೇಕೆಂದು ಅವತ್ತು ವಾದ ಮಾಡಿದೆ. ತಪ್ಪು ನನ್ನದೇ. ನೀನಿಲ್ಲದೆ ಮನೆ ಬಿಕೋ ಎನ್ನುತ್ತದೆ.

ನಿಮ್ಮಕ್ಕನಿಗೆ ನಮಸ್ಕಾರ. ಅವರಿಗೆ ಕ್ಷೌರದ ಭಾಗ ಮಾತ್ರ ಓದಿ ಹೇಳು, ಅತ್ತದ್ದು ಬೇಡ.

ಇತಿ,
ನಿನ್ನ ಕತ್ತರಿ

ತಾ.ಕ.: ನಮಸ್ಕಾರದ ಮೇಲಿದ್ದ ಒಂದು ಸಾಲನ್ನು ಮಸಿ ಬಳಿದು ಹೊಡೆದುಹಾಕಿದ್ದೇನೆ. ನೀನು ಹೇಗೂ ಬೆಳಕಿಗೆ ಹಿಡಿದು ಓದುತ್ತೀಯ, ಅದಕ್ಕೆ ನಾನೇ ಹೇಳಿಬಿಡುತ್ತೇನೆ. 'ಭಾನುವಾರ ಹನ್ನೊಂದರ ಬಸ್ಸಿಗೆ ಬಂದು ಕರೆದುಕೊಂಡು ಹೋಗುತ್ತೇನೆ, ಪೆಟ್ಟಿಗೆ ಕಟ್ಟಿಟ್ಟಿರು' ಎಂದು ಬರೆದಿದ್ದೆ. ಬರಲೇ?