ಚಿರತೆ ನೋಡಲು ಸಮುದ್ರ ದಾಟಿ

ಡೊಂಬಿವಲಿ
೨ ಮೇ ೧೯೭೮

ಅಣ್ಣಯ್ಯನಿಗೆ ತಂಗಿ ವಾರಿಜಾಳ ನಮಸ್ಕಾರ. ಸಿಟ್ಟಿದ್ದರೂ ನಮಸ್ಕಾರವೇ.

ಬೇಕಾದರೆ ರಾಮೇಶ್ವರ ನೋಡಿಕೊಂಡು ಅಲ್ಲಿಂದಲೇ ಹಿಂದಿರುಗು ಎಂದಿರಿ. ಹಿಂದಿರುಗುವುದಿಲ್ಲ. ಅಲ್ಲಿಂದ ಹಡಗು ಹತ್ತಿ ಸಿಲೋನಿಗೆ ಹೋಗುತ್ತೇನೆ. ಚಿರತೆಗಳಿಗೆ ಹೆಸರಾದ ಅಲ್ಲಿನ ವಿಲ್ಪಟ್ಟು ಕಾಡು ಸುತ್ತಲು ಮೂರು ದಿನಕ್ಕೆ ಜೀಪು ಗೊತ್ತುಮಾಡಿ ಆಗಿದೆ. ಜೊತೆಗೆ ನಮ್ಮ ಶಾಲೆಯ ರಮಾಮಣಿ ಟೀಚರ್ ಇದ್ದಾರೆ. ಹತ್ತೊಂಬತ್ತು ವರ್ಷ ಮಕ್ಕಳಿಗೆ ಚಾರ್ಟಿನ ಚಿರತೆ ತೋರಿಸಿದ್ದು ಸಾಕು.

"ಈ ಪ್ರಾಯದಲ್ಲಿ ನಿಂಗೆ ಎಂತ ಮರ್ಲು ಮಾರಾಯ್ತಿ?" ಎಂದು ಹೋಟೆಲಿನ ಗಲ್ಲಾದಲ್ಲಿ ಕೂತು ಗಿರಾಕಿಗಳಿಗೆಲ್ಲ ಕೇಳುವಂತೆ ಕೂಗಿದಿರಿ. ಹುಚ್ಚಿ ಎನಿಸಿಕೊಂಡರೂ ನನಗೇನೂ ನಾಚಿಕೆಯಾಗಲಿಲ್ಲ. ಅಪ್ಪಯ್ಯನ ದುರ್ಬೀನು ನಿಮ್ಮ ಕಪಾಟಿನಲ್ಲಿ ಸುಮ್ಮನೆ ಬಿದ್ದಿದೆ. ಅತ್ತಿಗೆಯ ಕೈಯಲ್ಲಿ ಕಳಿಸಿ.

ಸಮುದ್ರ ದಾಟಿದವಳು ಇನ್ನು ಮಡಿ ಅಡುಗೆಮನೆಗೆ ಕಾಲಿಡಬಾರದು ಎಂದೂ ಹೇಳಿದಿರಿ. ಹಾಗೇ ಆಗಲಿ. ಇಷ್ಟು ವರ್ಷ ಅಪ್ಪಯ್ಯನ ಶ್ರಾದ್ಧಕ್ಕೆ ಬೆಳಗಿನ ಮೊದಲ ಲೋಕಲ್ ರೈಲು ಹಿಡಿದು ನೌಪಾಡಾದ ನಿಮ್ಮ ಮನೆಗೆ ಬಂದು, ಅಲ್ಲೇ ಸ್ನಾನ ಮಾಡಿ, ಒದ್ದೆ ಸೀರೆ ಉಟ್ಟು ಅಷ್ಟೂ ಅಡುಗೆ ಮಾಡಿದವಳು ನಾನು. ಈ ಜೂನಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ.

ನಾನು ಊಟದ ಹೊತ್ತಿಗೆ ಬರುತ್ತೇನೆ.

ನಿಮ್ಮ ತಂಗಿ,
ವಾರಿಜಾ