ಅರಿಶಿನ ಕುಂಕುಮದ ಗದ್ದೆ

ಶಿರಂಗಾಲ, ಕೊಡಗು ರಾಜ್ಯ
ಜಯ ಸಂವತ್ಸರದ ಆಷಾಢ ಬಹುಳ, ಸೋಮವಾರ
26-7-1954

ನನ್ನ ಮುದ್ದಿನ ಮಗಳು, ಚಿರಂಜೀವಿ ಸೌಭಾಗ್ಯವತಿ ವನಜಳಿಗೆ,

ಹೇಗಿದ್ದೀಯವ್ವಾ? ಕಾಲಿನ ಬಾವು ಇಳಿಯಿತೇ? ಹೊಟ್ಟೆಯೊಳಗಿನ ನಮ್ಮ ಮೊಮ್ಮಗು ಒದೆಯುತ್ತಿದೆಯೇ? ಒದೆಯಲಿ, ಜೋರಾಗಿ ಒದೆಯಲಿ! ಶಿರಂಗಾಲದಲ್ಲಿ ಗದೆ ಹಿಡಿದು ಹೆಜ್ಜೆ ಹಾಕಿದರೆ ರಂಗದ ಹಲಗೆ ಮುರಿಯುತ್ತಿದ್ದ ಭೀಮನ ಮೊಮ್ಮಗುವಲ್ಲವೇ ಅದು! ಅಳಿಯಂದಿರು ಸಣ್ಣಸ್ವಾಮಿಯವರು, ನಿನ್ನ ಮಾವ ಚೆನ್ನಯ್ಯ, ಎಲ್ಲರೂ ಆರೋಗ್ಯ ತಾನೇ? ನಿನ್ನ ಮಾವನಿಗೆ ಹೇಳು, ನಾಟಕದ ಕಂಪನಿಯಲ್ಲಿ ನನ್ನ ಜೊತೆ ಸುಗ್ರೀವನಾಗಿದ್ದಾಗ ಇದ್ದ ಗಂಟಲನ್ನು ಈಗ ಸೊಸೆಯ ಮೇಲೆ ಪ್ರಯೋಗಿಸಬಾರದು ಎಂದು. ನಾವಿಬ್ಬರೂ ಇಲ್ಲಿ ಕ್ಷೇಮ. ಅಕ್ಷರ ಸೊಟ್ಟಗೆ ಕಂಡರೆ ಚಳಿಯಿಂದ ಎಂದುಕೋ. ಬೇಡ, ನಿನಗೇಕೆ ಸುಳ್ಳು? ಚಳಿಯಲ್ಲ ತಾಯೀ, ಹೆದರಿಕೆ. ಕಿಟಕಿಯಿಂದ ಹೊಳೆ ಕಾಣುತ್ತಿದೆ. ಕಾಣಬಾರದಷ್ಟು ಹತ್ತಿರ ಕಾಣುತ್ತಿದೆ.

ನಿನ್ನ ಹಿಂದಿನ ಕಾಗದ ಬಂದ ದಿನ ಈ ಮನೆಯಲ್ಲಿ ಒಲೆ ಉರಿಯಲಿಲ್ಲ. 'ಹೊಳೆ ಇನ್ನೂ ಬಂದಿಲ್ಲ ಅಪ್ಪಾ, ಸಸಿಮಡಿಯ ತುದಿ ಸುಟ್ಟಿದೆ, ಬಾವಿಯ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸಾರಿಗೆ ಉಪ್ಪು ಹಾಕುವುದನ್ನೇ ಬಿಟ್ಟಿದ್ದೇನೆ' ಎಂದು ಬರೆದಿದ್ದೆಯಲ್ಲ, ಅದನ್ನು ನಾನು ಎಂದಿನಂತೆ ಗಟ್ಟಿಯಾಗಿ ಓದುತ್ತಿದ್ದೆ. ಉಪ್ಪಿನ ಮಾತು ಬಂದ ಕೂಡಲೇ ನಿಮ್ಮಮ್ಮ ಸಿದ್ದಮ್ಮ ಮೊರ ಕೆಳಗಿಟ್ಟು ಗೋಡೆಗೆ ಒರಗಿದಳು. ಕೇಳಿದರೆ ಬಾಯಿ ಬಿಡಲಿಲ್ಲ. ಬಿಟ್ಟದ್ದು ಕುಶಾಲನಗರದ ಸಂತೆಯಲ್ಲಿ, ಕಾಳಮ್ಮನ ಎದುರು. ಮಾದಾಪುರದ ತೋಟದ ಲೈನ್‌ಮನೆಯಲ್ಲಿದ್ದು ಕಾಫಿ ಕೊಯ್ಯುವ ಕಾಳಮ್ಮ ಗೊತ್ತಲ್ಲ, ನಿಮ್ಮ ತಂಜಾವೂರು ಸೀಮೆಯವಳೇ, ನಿನ್ನ ಮದುವೆಯಲ್ಲಿ ಹೊಟ್ಟೆ ತುಂಬ ಉಂಡು ಮನಸ್ಸು ತುಂಬ ಅತ್ತವಳು.

ಸಂಗತಿ ಹೀಗಿದೆ. ನಿಮ್ಮ ಮನೆ ಹೊಳೆಯ ಎರಡು ಕವಲಿನ ನಡುವಿನ ತಗ್ಗಿನಲ್ಲಿದೆ, ಜಗುಲಿಯ ಮೇಲೆ ಕೂತೇ ಕಾಲು ತೊಳೆಯಬಹುದು ಎಂದು ನೀನು ಹೋದ ವರ್ಷ ತಮಾಷೆಗೆ ಬರೆದಿದ್ದೆ. ತಾಯಿಯ ಹೃದಯಕ್ಕೆ ಅದು ತಮಾಷೆಯಾಗಲಿಲ್ಲ. ಮುಂಗಾರು ಮೋಡ ಕಟ್ಟುತ್ತಿದ್ದಂತೆಯೇ ಅವಳು ನನಗೂ ಹೇಳದೆ ಹೊಳೆಗೆ ಹೋಗಿ, ಕಾವೇರಮ್ಮನಿಗೆ ಮಡಿಲು ತುಂಬಿ ಹರಕೆ ಹೊತ್ತಳಂತೆ. 'ತಾಯೀ, ಈ ವರ್ಷ ದಡ ಮೀರಬೇಡ. ನನ್ನ ಮಗಳು ನಿನ್ನ ಬಾಯಿ ತಾವ ಅವಳೆ, ಬಸುರಿ' ಎಂದು ಬೇಡಿದಳಂತೆ. ನಾವು ಹೊಳೆಯ ತಲೆಯ ಕಡೆಯವರು. ನಮಗೆ ಗೊತ್ತಿರುವ ಆಪತ್ತು ಒಂದೇ, ಹೊಳೆ ಹೆಚ್ಚುವುದು. ಹೊಳೆ ಬಾರದಿದ್ದರೂ ಆಪತ್ತು ಎಂದು ಇಲ್ಲಿ ಯಾರ ಅಜ್ಜಿಯೂ ಕಥೆ ಹೇಳಿಲ್ಲ. ಜೂನ್ ಕಳೆದರೂ ಮಳೆ ಬರಲಿಲ್ಲ. ಊರೆಲ್ಲ ಆಕಾಶಕ್ಕೆ ಕೈ ಮುಗಿಯುತ್ತಿದ್ದರೆ ಇವಳೊಬ್ಬಳು ಒಳಗೊಳಗೇ ಹಿಗ್ಗುತ್ತಿದ್ದಳು!

ಕಾಳಮ್ಮ ಕೇಳಿ ಸಂತೆಯಲ್ಲೇ ತಲೆ ತಲೆ ಚಚ್ಚಿಕೊಂಡಳು. 'ಅಯ್ಯಯ್ಯೋ, ಎನ್ನಮ್ಮಾ ಮಾಡ್ಬುಟ್ರಿ! ನಮ್ಮ ಆಡಿ ತಿಂಗ್ಳು ಹದ್ನೆಂಟರ ಹಬ್ಬಕ್ಕೆ ಹೊಳೆ ತುಂಬಿ ಬಂದ್ರೆ ನಾವು ಆಯಮ್ಮನ್ನ ಬಸುರೀಂತ ಚಿತ್ರಾನ್ನ ಕಟ್ಕೊಂಡ್ಹೋಗಿ ಬಯಕೆ ತೀರಿಸ್ತೀವಿ. ಆಯಮ್ಮ ಬರಲ್ಲಾಂದ್ರೆ ಯಾರು ಬರ್ತಾರೆ ಗೊತ್ತಾ? ಕಡಲು ಬರ್ತದೆ! ಬಾವಿಗೆ ಬರ್ತದೆ, ಗದ್ದೆಗೆ ಬರ್ತದೆ. ಬಂದ ಮೇಲೆ ಹುಲ್ಲೂ ಹುಟ್ಟಲ್ಲ!' ಹೀಗೆಂದು ಸಿದ್ದಮ್ಮನ ಕೈಯಲ್ಲಿದ್ದ ಉಪ್ಪಿನ ಪೊಟ್ಟಣ ಕಿತ್ತುಕೊಂಡು ಅವಳ ಮುಖಕ್ಕೇ ಹಿಡಿದಳು. ಎಂಥ ಅಭಿನಯ! ನಮ್ಮ ಕಂಪನಿಯಲ್ಲಿ ಅಂಥ ಒಬ್ಬಳಿದ್ದಿದ್ದರೆ ಕಂಪನಿ ಮುಚ್ಚುತ್ತಿರಲಿಲ್ಲ. ಆದರೆ ಆ ಹೊತ್ತು ನನಗೆ ಚಪ್ಪಾಳೆ ತಟ್ಟುವ ಕೈ ಬರಲಿಲ್ಲ.

ನನಗೆ ನೆನಪಾದದ್ದು ನಿನ್ನ ಮಾವನ ಮಾತು. ಕಂಪನಿ ಆ ಸೀಮೆಗೆ ಹೋಗಿದ್ದಾಗ ನಾವಿಬ್ಬರೂ ಮೀಸೆ ಬಾರದ ಹುಡುಗರು. ಹೊಳೆ ಅಲ್ಲಿ ಬೆರಳು ಬಿಡಿಸಿ ಮಲಗಿತ್ತು, ಬೆರಳ ಸಂದಿಯಲ್ಲೆಲ್ಲ ಕಣ್ಣು ತುಂಬುವ ಹಸಿರು. ಕಾಗೆಗೆ ಹೊಡೆಯೋಣ ಎಂದರೆ ಒಂದು ಕಲ್ಲಿಲ್ಲ, ಎಲ್ಲಿ ಕೆದಕಿದರೂ ಬೆಣ್ಣೆಯಂಥ ಮಣ್ಣು! ಚೆನ್ನಯ್ಯ ಒಂದು ಹಿಡಿ ಎತ್ತಿ ನನ್ನ ಮೂಗಿಗೆ ಹಿಡಿದ. 'ಮೂಸು ಜವರ, ಇದು ನಿಮ್ಮಪ್ಪನ ಗದ್ದೆ ಕಣೋ! ನಿಮ್ಮ ಬೆಟ್ಟ ಕೆರೆದು ತಂದು ಹೊಳೆ ಇಲ್ಲಿ ಹಾಸೈತೆ. ಈ ಕಡೆಯಿಂದ ಹೊಳೆ ನೂಕ್ತದೆ, ಆ ಕಡೆಯಿಂದ ಕಡಲು ನೂಕ್ತದೆ. ನಡುವೆ ಈ ಅನ್ನದ ತಟ್ಟೆ. ಹೊಳೆ ಕೈ ಸೋತ ದಿನ ತಟ್ಟೆ ಕಡಲಿಗೆ' ಎಂದಿದ್ದ. ಎಷ್ಟೊಂದು ಊರುಗಳು ಆ ತಟ್ಟೆಯಲ್ಲಿ ಉಣ್ಣುತ್ತವೆ! ನಾನು ಬಣ್ಣ ಹಚ್ಚುವವನ ಮಾತೆಂದು ನಕ್ಕಿದ್ದೆ. ಅವನು ಅಲ್ಲೇ ನಿಂತ, ಮದುವೆಯಾದ, ಅವನ ಮಗನಿಗೆ ನಾನು ನಿನ್ನನ್ನು ಕೊಟ್ಟೆ. ಇಂದು ನನ್ನ ಮಗಳು ಆ ತಟ್ಟೆಯ ಅಂಚಿನಲ್ಲಿ ಕೂತಿದ್ದಾಳೆ.

ಸಂತೆಯಿಂದ ನಿಮ್ಮಮ್ಮ ಮನೆಗೆ ಬರಲಿಲ್ಲ, ನೇರವಾಗಿ ಹೊಳೆಗೇ ಹೋದಳು. ಕಾಳಮ್ಮ ಹೇಳಿದಂತೆ ಚಿತ್ರಾನ್ನ ಮಾಡಿಕೊಡಲು ಹೊತ್ತಿಲ್ಲ, ಸಂತೆಯಲ್ಲಿ ಕೊಂಡ ಪುರಿ, ಬೆಲ್ಲವನ್ನೇ ನೀರಿಗೆ ಬಿಟ್ಟಳು. 'ಹರಕೆ ವಾಪಸ್ಸು ಕಣವ್ವಾ, ನಾ ದಡ್ಡಿ. ಬಾ, ಎದ್ದು ಬಾ, ಹೋಗಿ ನನ್ನ ಮಗಳ ಬಾವಿ ತೊಳಿ' ಎಂದು ಅವಳು ಕೂಗಿದ ಕೂಗಿಗೆ ದನ ಕಾಯುವವರೆಲ್ಲ ಎದ್ದು ನಿಂತರು. ನನಗೋ ಇನ್ನೊಂದು ದಿಗಿಲು. ಹೊಳೆ ಸುಮ್ಮನೆ ಎದ್ದರೆ ನಿನ್ನವರೆಗೆ ಬರುವುದಿಲ್ಲ. ದಾರಿಯಲ್ಲಿ ಕನ್ನಂಬಾಡಿ ಕಟ್ಟೆ, ಅದರಾಚೆ ಮೆಟ್ಟೂರು ಕಟ್ಟೆ. ಇಬ್ಬರು ದ್ವಾರಪಾಲಕರು! ಇಬ್ಬರ ಹೊಟ್ಟೆಯೂ ತುಂಬಿ ಬಿರಿಯಬೇಕು, ಆಗ ನಿನ್ನ ಪಾಲು. ಅಷ್ಟು ನೀರು ಬರಬೇಕಾದರೆ ಶಿರಂಗಾಲದ ಗತಿಯೇನು?

ಬಂತು ವನಜಾ. ಆಕಾಶದ ಪರದೆ ಹರಿದೇ ಹೋಯಿತು. ಭಾಗಮಂಡಲದಲ್ಲಿ ರಸ್ತೆ ಕಾಣುತ್ತಿಲ್ಲವಂತೆ. ಇಲ್ಲಿ ಬೇರು ಸಮೇತ ಮರ, ಹುಲ್ಲಿನ ಮೆದೆ, ಯಾರದೋ ಕೊಟ್ಟಿಗೆಯ ಬಾಗಿಲು, ಎಲ್ಲವೂ ಮೆರವಣಿಗೆಯಲ್ಲಿ ಹೋಗುತ್ತಿವೆ. ನೀರಿನ ಬಣ್ಣ ಇಟ್ಟಿಗೆಯ ಬಣ್ಣ. ಸಾವಿರ ಜನರ ಮುಂದೆ ಅಬ್ಬರಿಸಿದ ನಾನು ಬೆಳಿಗ್ಗೆಯಿಂದ ಎತ್ತು ಬಿಚ್ಚುವುದು, ಮತ್ತೆ ಕಟ್ಟುವುದು, ಇದನ್ನೇ ಮಾಡುತ್ತಿದ್ದೇನೆ. ಸಿದ್ದಮ್ಮ ನನ್ನ ತೋಳು ಹಿಡಿದು, 'ಅತಿಯಾಗಿ ಕರೆದ್ಬುಟ್ನೇನ್ರೀ? ಈಗ ಅದು ಹೋಗಿ ಮಗೀನ ಮುಳುಗಿಸಿದ್ರೆ?' ಎನ್ನುತ್ತಾಳೆ. ಬರಬೇಡ ಎಂದು ಮತ್ತೆ ಹರಕೆ ಹೊರಲು ಹೊರಟಿದ್ದಳು, ನಾನು ಬಾಗಿಲಿಗೆ ಅಡ್ಡ ನಿಂತೆ. ಸಾಕು ಮಾರಾಯ್ತಿ, ಕಾವೇರಮ್ಮನಿಗಾದರೂ ಒಂದೇ ಮಾತು ಹೇಳಬೇಡವೇ! ಬಂದರೂ ಭಯ, ಬಾರದಿದ್ದರೂ ಭಯ. ಇಂಥ ಕಡೆ ಮಗಳನ್ನು ಕೊಟ್ಟ ಮೇಲೆ ತಂದೆಗೆ ಉಳಿಯುವ ಪಾತ್ರ ಇಷ್ಟೇ ಇರಬೇಕು.

ಆದ್ದರಿಂದ ಈ ಕಾಗದ ಓದಿದ ಕೂಡಲೇ, ಕೆಲಸವನ್ನು ಅರ್ಧಕ್ಕೇ ಬಿಟ್ಟು, ದೇವಸ್ಥಾನದ ದಿಬ್ಬಕ್ಕೆ ಹೋಗು. ಮೆಟ್ಟೂರಿನ ನೀರು ಇಳಿಯುವವರೆಗೆ ತಗ್ಗಿನ ಮನೆಯಲ್ಲಿ ಮಲಗಬೇಡ. ಅಳಿಯಂದಿರು ನಗುತ್ತಾರೆ, ಆ ಊರಿನವರು ಹೊಳೆಗೆ ಹೆದರುವುದಿಲ್ಲ ಎನ್ನುತ್ತಾರೆ. ನಗಲಿ. ಅವರ ಮಾವನ, ಎಂದರೆ ನನ್ನ, ಅಪ್ಪಣೆ ಎಂದು ಹೇಳಿ ಮಂಚವನ್ನು ಅವರ ತಲೆಯ ಮೇಲೇ ಹೊರಿಸು.

ಬಾಗಿಲಲ್ಲಿ ಟಪಾಲಿನ ದೇರಪ್ಪ ಮಂಡಿಯುದ್ದ ಒದ್ದೆಯಾಗಿ ನಿಂತು, 'ಜವರಣ್ಣಾ, ನಿಮ್ ನಾಟ್ಕ ಮುಗಿಯೋಕೆ ಮುಂಚೆ ಸೇತುವೆ ಮುಗೀತದೆ, ಅಂಟಿಸಿ' ಎನ್ನುತ್ತಿದ್ದಾನೆ. ನಿನ್ನ ಮಡಿಲು ತಂಪಾಗಿರಲಿ, ನಿನ್ನ ಬಾವಿ ಸಿಹಿಯಾಗಲಿ. ಬೀಗರಿಗೆ ನಮಸ್ಕಾರ, ಅಳಿಯಂದಿರಿಗೆ ಆಶೀರ್ವಾದ.

ಇತಿ ನಿನ್ನ ಹೆದರಿದ ಭೀಮ,
ಅಪ್ಪ ಜವರಯ್ಯ

ಮರೆತೆ: ಹೊಳೆದಂಡೆಯ ಗದ್ದೆ, ಅರಿಶಿನ ಕುಂಕುಮಕ್ಕೆಂದು ಮದುವೆಯಲ್ಲಿ ನಿನಗೆ ಕೊಟ್ಟೆನಲ್ಲ, 'ಅಷ್ಟು ದೂರಕ್ಕೆ ಹೊತ್ಕೊಂಡು ಹೋಗ್ಲಾ ಅಪ್ಪಾ?' ಎಂದು ನಕ್ಕಿದ್ದೆಯಲ್ಲ, ಅದರ ಬದು ಈಗ ಒಡೆಯಿತು. ಗದ್ದೆಯ ಮಣ್ಣು ನಿನ್ನ ಕಡೆಗೇ ಹೊರಟಿದೆ. ನೀರು ಅಂಗಳಕ್ಕೆ ಬಂದಿದೆ, ನಾವು ಎತ್ತು ಹಿಡಿದು ಮೇಲಿನ ಕೇರಿಗೆ ಹೋಗುತ್ತೇವೆ. ನಿಮ್ಮಮ್ಮ ಹೊಸ್ತಿಲ ಮೇಲೆ ನಿಂತು, 'ಇಲ್ಲಿ ನಿಲ್ಬೇಡ, ನಡಿ ನಡಿ, ಅಲ್ಲಿ ಕಾಯ್ತಾವಳೆ' ಎಂದು ಹೊಳೆಗೆ ದಾರಿ ತೋರಿಸುತ್ತಿದ್ದಾಳೆ. ದ್ವಾರಪಾಲಕರು ಎಷ್ಟು ಹಿಡಿದುಕೊಳ್ಳುತ್ತಾರೋ ಕಾಣೆ. ನೀರು ಇಳಿದ ಮೇಲೆ ನಿನ್ನ ಹಿತ್ತಲಲ್ಲಿ ಒಂದು ಹಿಡಿ ಕೆಂಪು ಮಣ್ಣು ಕಂಡರೂ ಸಾಕು, ಅದರಲ್ಲಿ ಬೇರೇನೂ ಬೇಡ, ಮೊದಲು ಅರಿಶಿನದ ಕೊಂಬು ನೆಡು.