ಎಂಟು ಗಂಟೆಗಳ ಮರೆ

೧೪ ಅಕ್ಟೋಬರ್ ೨೦೨೫, ಮಂಗಳವಾರ

ಭಾವನ ಹೊಡೆತಕ್ಕೆ ಹೆದರಿ ಹುಣಸಮಾರನಹಳ್ಳಿಯ ಪಿಜಿಯಲ್ಲಿ ಅಡಗಿದ್ದ ಸುಮಕ್ಕನನ್ನು ಅವನು ಇವತ್ತು ಹುಡುಕಿಬಿಟ್ಟ. ಜಾಗ ತೋರಿಸಿದ್ದು ನಮ್ಮ ಕಂಪನಿಯ ಫ್ಯಾಮಿಲಿ ಆ್ಯಪ್. ಅಕ್ಕ ಲೊಕೇಶನ್ ಆಫ್ ಮಾಡಿದ್ದಳು. ಆದರೆ ಎಂಟು ಗಂಟೆ ಕಳೆದರೆ ಅದು ಹೇಳದೆ ಕೇಳದೆ ಮತ್ತೆ ಆನ್ ಆಗುತ್ತದೆ. ಹಾಗೆ ಡಿಸೈನ್ ಮಾಡಿದವಳು ನಾನೇ. ಆಫೀಸಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ನಾನು ಹೋಗುವಷ್ಟರಲ್ಲಿ ಅಕ್ಕ ಅವನ ಕಾರಿನಲ್ಲಿ ಕೂತಿದ್ದಳು. ತುಟಿ ಒಡೆದಿತ್ತು.

"ಬೇಡಕ್ಕಾ, ಇಳಿ," ಎಂದೆ.

"ಇಲ್ಲಿಗೂ ಬಂದ ಅಂದ್ರೆ ಇನ್ನೆಲ್ಲಿಗ್ ಹೋಗ್ಲಿ? ನಾನೇ ಸರಿಯಾಗಿ ಆಫ್ ಮಾಡಿಲ್ಲ ಅನ್ಸುತ್ತೆ ಕಣೇ."

ಆಗಲಾದರೂ ನಿಜ ಹೇಳಬಹುದಿತ್ತು.

"ಹೂಂ ಅಕ್ಕಾ, ನೀನೇ ಏನೋ ತಪ್ಪು ಒತ್ತಿರ್ತೀಯ," ಎಂದೆ.

ಭಾವ ನಕ್ಕ. ಅಕ್ಕ ನನ್ನ ಮಾತು ನಂಬಿದಳು.